ನೀವು ಆನ್‌ಸೈಟ್‌ಗೆ, ಬೈಕ್ ಊರಿಗೆ: ಹೊರಡುವ ಮುಂಚೆ ಅದಕ್ಕೊಂದು ಭಾನುವಾರ ಕೊಡಿ

ತಿಂಗಳುಗಟ್ಟಲೆ ನಿಲ್ಲಲಿರುವ ಬೈಕ್‌ಗೆ ಏನು ಮಾಡಬೇಕು, ಏನು ಮಾಡಬಾರದು? ಶಿವಗಂಗೆ ಕಡೆಯ ಹಳ್ಳಿಮನೆಯನ್ನೇ ಕಣ್ಣಮುಂದೆ ಇಟ್ಟುಕೊಂಡು ಒಂದು ಪೂರ್ತಿ ಲೆಕ್ಕಾಚಾರ.

ಆರು ತಿಂಗಳ ಆನ್‌ಸೈಟ್ ಅಂತ ಮೇಲ್ ಬಂದ ದಿನದಿಂದಲೇ ಎಲ್ಲದಕ್ಕೂ ಲಿಸ್ಟ್ ರೆಡಿಯಾಗುತ್ತೆ. ವೀಸಾ, ಸ್ವೆಟರ್, ಪುಟ್ಟ ಕುಕ್ಕರ್, ಅಮ್ಮ ಮಾಡಿಕೊಡುವ ಚಟ್ನಿಪುಡಿ, ಪಿಜಿ ಖಾಲಿ ಮಾಡುವ ದಿನ. ಆದರೆ ಮೊದಲ ಸಂಬಳದಲ್ಲಿ ಇಎಂಐ ಕಟ್ಟಿ ತೆಗೆದುಕೊಂಡ ಬೈಕ್ ಮಾತ್ರ ಆ ಲಿಸ್ಟಿಗೆ ಬರೋದೇ ಇಲ್ಲ. ಹೊರಡೋಕೆ ಎರಡು ದಿನ ಇದೆ ಅನ್ನುವಾಗ ಅದನ್ನು ಊರಿಗೆ ಓಡಿಸಿಕೊಂಡು ಹೋಗಿ, ಮನೆ ಪಕ್ಕ ನಿಲ್ಲಿಸಿ, ಮೇಲೊಂದು ಟಾರ್ಪಾಲು ಹೊದಿಸಿ, ಹೇಳುವ ಮಾತು ಒಂದೇ: "ಅಪ್ಪಾ, ಭಾನುವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಡು, ಸಾಕು."

ಅಪ್ಪ "ಆಯ್ತು ಬಿಡಪ್ಪ, ನಾನು ನೋಡ್ಕೋತೀನಿ" ಅಂತಾರೆ. ಹೇಳಿದ ಹಾಗೇ ಪ್ರತಿ ಭಾನುವಾರ ಸ್ಟಾರ್ಟ್ ಮಾಡ್ತಾರೆ. ಮಗ ವಾಪಸ್ ಬರುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತೆ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದಿರುತ್ತೆ. ಅಪ್ಪ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತಲ್ಲ. ನಾವು ಹೇಳಿಹೋದ ಮಾತೇ ತಪ್ಪು.

ಬೆಂಗಳೂರಿನ ಬೈಕ್ ಪ್ರಿಯರಿಗೆ ಶಿವಗಂಗೆ ಅಂದರೆ ಭಾನುವಾರದ ಮುಂಜಾನೆ ರೈಡ್. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ, ದಾಬಸ್‌ಪೇಟೆಯಲ್ಲಿ ತಿರುಗಿದರೆ ಬೆಟ್ಟ ಎದುರಿಗೇ. ಒಟ್ಟು ಸುಮಾರು 55 ಕಿ.ಮೀ. ಆದರೆ ಆ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಅದು ಮನೆ. ವಾರವಿಡೀ ಸಿಟಿಯಲ್ಲಿ ಕೆಲಸ, ವಾರದ ಕೊನೆಗೆ ಊರು. ಪರವೂರಿಗೋ ಪರದೇಶಕ್ಕೋ ಹೊರಟಾಗ ಬೈಕ್ ಉಳಿಯೋದೂ ಅಲ್ಲೇ. ಹಾಗಾಗಿ ಈ ಲೇಖನದ ಲೆಕ್ಕಾಚಾರ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನದಲ್ಲ. ಕೊಟ್ಟಿಗೆ, ರಾಗಿ ಮೂಟೆ, ಕೋತಿ ಎಲ್ಲ ಇರುವ ಮನೆಯದು.

ಎರಡು ನಿಮಿಷದ ಸ್ಟಾರ್ಟ್ ಯಾಕೆ ಬೇಡ?

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತೆ. ಆಶ್ಚರ್ಯ ಅನ್ನಿಸಬಹುದು, ಆದರೆ ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಆಗೋದು ನೀರೇ. ಬೈಕ್ ಓಡುತ್ತಿದ್ದಾಗ ಇಂಜಿನ್, ಸೈಲೆನ್ಸರ್ ಎರಡೂ ಕಾದಿರುತ್ತವೆ, ಈ ನೀರು ಹಬೆಯಾಗಿ ಹೊರಗೆ ಹೋಗುತ್ತೆ. ಚಳಿಗಾಲದ ಬೆಳಗ್ಗೆ ಸೈಲೆನ್ಸರ್ ತುದಿಯಿಂದ ಹನಿ ತೊಟ್ಟಿಕ್ಕೋದನ್ನು ನೀವೂ ನೋಡಿರ್ತೀರಿ.

ಎರಡು ನಿಮಿಷ ನಿಂತಲ್ಲೇ ಓಡಿಸಿ ಆಫ್ ಮಾಡಿದರೆ ಆ ಹಬೆ ಹೊರಗೆ ಹೋಗುವಷ್ಟು ಬಿಸಿಯೇ ಆಗಿರೋದಿಲ್ಲ. ಅದು ಸೈಲೆನ್ಸರ್ ಒಳಗೆ, ಇಂಜಿನ್ ಆಯಿಲ್ ಒಳಗೆ ನೀರಾಗಿ ಕೂತುಬಿಡುತ್ತೆ. ತಣ್ಣಗಿನ ಇಂಜಿನ್ ಶುರುವಾಗುವಾಗ ಪೆಟ್ರೋಲ್ ಕೂಡ ಜಾಸ್ತಿ ಕುಡಿಯುತ್ತೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಪದರವನ್ನು ತೊಳೆದುಹಾಕುತ್ತೆ.

ಬ್ಯಾಟರಿ ಕಥೆಯೂ ಇದೇ. ಸೆಲ್ಫ್ ಸ್ಟಾರ್ಟ್ ಒಂದು ಸಲ ಎಳೆದುಕೊಳ್ಳುವ ಕರೆಂಟನ್ನು ಎರಡು ನಿಮಿಷದ ಐಡ್ಲಿಂಗ್ ವಾಪಸ್ ಕೊಡೋದಿಲ್ಲ. ಅಂದರೆ ಪ್ರತಿ ಭಾನುವಾರ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಸಾಲ ತೆಗೆದ ಹಾಗೆ.

ಆದ್ದರಿಂದ ನಿಯಮ ಇಷ್ಟೇ: ಓಡಿಸೋದಾದರೆ 15–20 ಕಿ.ಮೀ. ಚೆನ್ನಾಗಿ ಓಡಿಸಬೇಕು. ಅದಕ್ಕೆ ಆಗೋದಿಲ್ಲ ಅಂದರೆ ಮುಟ್ಟಲೇಬಾರದು. ಮಧ್ಯದ ದಾರಿಯೇ ಕೆಟ್ಟದ್ದು. ಮನೆಯಲ್ಲಿ ಲೈಸೆನ್ಸ್ ಇರುವ, ನಂಬಿಕೆಯ ಅಣ್ಣನೋ ತಮ್ಮನೋ ಹದಿನೈದು ದಿನಕ್ಕೊಮ್ಮೆ ನೆಲಮಂಗಲಕ್ಕೆ ಹೋಗಿಬರುವುದಾದರೆ ಈ ಲೇಖನದ ಅರ್ಧ ನಿಮಗೆ ಬೇಕಾಗೋದಿಲ್ಲ. ಅಂಥವರು ಇಲ್ಲದಿದ್ದರೆ ಮುಂದೆ ಓದಿ.

ಮೊದಲ ಪ್ರಶ್ನೆ: ಎಷ್ಟು ದಿನ?

ಒಂದು ತಿಂಗಳೊಳಗಾದರೆ ತೊಳೆದು, ಒಣಗಿಸಿ, ಚೈನಿಗೆ ಆಯಿಲ್ ಹಾಕಿ, ಟೈರ್ ಗಾಳಿ ನೋಡಿ ನಿಲ್ಲಿಸಿದರೆ ಸಾಕು. 2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆದಾಗ ಬೈಕ್‌ಗಳು ವಾರಗಟ್ಟಲೆ ನಿಂತವಲ್ಲ, ಆಗ ಹೆಚ್ಚಿನವರಿಗೆ ಕೈಕೊಟ್ಟದ್ದು ಬ್ಯಾಟರಿ. ಇಂಜಿನ್‌ಗೆ ಅಷ್ಟರಲ್ಲಿ ಏನೂ ಆಗೋದಿಲ್ಲ.

ಎರಡರಿಂದ ಆರು ತಿಂಗಳಾದರೆ ಪೆಟ್ರೋಲ್, ಆಯಿಲ್, ಬ್ಯಾಟರಿ, ಟೈರ್ ನಾಲ್ಕನ್ನೂ ನೋಡಬೇಕು. ಆರು ತಿಂಗಳು ದಾಟುತ್ತೆ ಅನ್ನುವುದಾದರೆ ಸಿಲಿಂಡರ್ ಒಳಗಿನ ತುಕ್ಕಿನ ಬಗ್ಗೆಯೂ ಯೋಚಿಸಬೇಕು.

ಎರಡು ವರ್ಷಕ್ಕಿಂತ ಹೆಚ್ಚಾದರೆ? ಒಂದು ಸಲ ಕೂತು ಲೆಕ್ಕ ಹಾಕಿ. ಇನ್ಶೂರೆನ್ಸ್, ವಾಪಸ್ ಬಂದಾಗ ಬೇಕಾಗುವ ಹೊಸ ಬ್ಯಾಟರಿ, ಬಹುಶಃ ಟೈರ್, ಜೊತೆಗೆ ವರ್ಷವರ್ಷ ಇಳಿಯುವ ಬೆಲೆ. ನಾಲ್ಕೈದು ವರ್ಷ ಹಳೆಯ 125 ಸಿಸಿ ಬೈಕ್ ಆದರೆ ಮಾರಿಬಿಡೋದೋ, ತಂಗಿಯ ಹೆಸರಿಗೆ ವರ್ಗಾಯಿಸಿ ಅವಳೇ ಓಡಿಸಲಿ ಅನ್ನೋದೋ ಜಾಣತನ. ಬೈಕ್‌ಗೂ ಅದೇ ಒಳ್ಳೇದು. ಅದು ಮನಸ್ಸಿಗೆ ಹತ್ತಿರದ ಬೈಕ್, ಮಾರೋ ಮಾತೇ ಇಲ್ಲ ಅಂದರೆ ಮುಂದಿನ ಕೆಲಸ ಮನಸ್ಸಿಟ್ಟು ಮಾಡಿ.

ಎಲ್ಲಿ ನಿಲ್ಲಿಸಬೇಕು?

ಹಳ್ಳಿಮನೆಯಲ್ಲಿ ಜಾಗಕ್ಕೇನೂ ಕೊರತೆ ಇಲ್ಲ. ಆದರೆ ಸುಲಭವಾಗಿ ಸಿಗುವ ಜಾಗಗಳೇ ಬೈಕ್‌ಗೆ ಕೆಟ್ಟವು.

ದನದ ಕೊಟ್ಟಿಗೆ ಬೇಡ. ಸಗಣಿ ಗಂಜಲದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತೆ. ವೈರುಗಳ ಕನೆಕ್ಟರ್ ಒಳಗೆ ಇರೋದು ಅದೇ ತಾಮ್ರ.

ಗೊಬ್ಬರದ ಮೂಟೆ ಇಡುವ ಕೋಣೆಯೂ ಬೇಡ. ಯೂರಿಯಾ, ಡಿಎಪಿ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತವೆ. ಆ ಒದ್ದೆ ಉಪ್ಪಿನ ಪುಡಿ ಕಬ್ಬಿಣಕ್ಕೆ ತಾಗಿದರೆ ತುಕ್ಕು ಗ್ಯಾರಂಟಿ.

ರಾಗಿ ಮೂಟೆ ಇರುವ ಕಡೆ ಇಲಿ ಇರುತ್ತೆ. ಇಲಿಗೆ ಸೀಟಿನ ಕೆಳಗಿನ ಜಾಗ, ಏರ್ ಫಿಲ್ಟರ್ ಬಾಕ್ಸ್ ಎರಡೂ ಹೇಳಿ ಮಾಡಿಸಿದ ಗೂಡು. ವೈರಿಂಗ್ ಕಡಿದರೆ ರಿಪೇರಿ ಬಿಲ್ ನೋಡಿ ನಿಮಗೇ ತಲೆ ತಿರುಗುತ್ತೆ.

ಹೊರಗೆ ಮರದ ಕೆಳಗೆ ನಿಲ್ಲಿಸೋಣ ಅಂದರೆ ಶಿವಗಂಗೆ ಸುತ್ತಮುತ್ತ ಕೋತಿಗಳ ಕಾಟ ಗೊತ್ತೇ ಇದೆಯಲ್ಲ. ಬೆಟ್ಟಕ್ಕೆ ಬಂದವರ ಕೈಯಿಂದಲೇ ತಿಂಡಿ ಪೊಟ್ಟಣ ಕಿತ್ತುಕೊಳ್ಳುವ ಅವು ಸೀಟ್ ಕವರ್, ಕನ್ನಡಿಗಳನ್ನು ಬಿಡುತ್ತವೆಯೇ?

ಒಳ್ಳೆಯ ಜಾಗ ಅಂದರೆ ಚಾವಣಿ ಇರುವ, ನೆಲ ಗಟ್ಟಿಯಾಗಿ ಒಣಗಿರುವ, ಗಾಳಿ ಆಡುವ, ನೇರ ಬಿಸಿಲು ಬೀಳದ ಜಾಗ. ಮುಚ್ಚಿದ ವರಾಂಡ ಆಗಬಹುದು, ಖಾಲಿ ಇರುವ ಹೊರಕೋಣೆ ಆಗಬಹುದು. ಒಂದು ಎಚ್ಚರ: ಟ್ಯಾಂಕಿನಲ್ಲಿ ಪೆಟ್ರೋಲ್ ಇರುವ ಬೈಕನ್ನು ಒಲೆ, ಗ್ಯಾಸ್ ಸಿಲಿಂಡರ್, ದೇವರ ದೀಪ ಇರುವ ಕೋಣೆಯಲ್ಲಾಗಲೀ ಯಾರಾದರೂ ಮಲಗುವ ಕೋಣೆಯಲ್ಲಾಗಲೀ ಇಡಲೇಬೇಡಿ.

ಪೆಟ್ರೋಲ್: ತುಂಬಿಸಬೇಕಾ, ಖಾಲಿ ಮಾಡಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಗೊತ್ತಾಗಬೇಕಾದರೆ ಈಗಿನ ಪೆಟ್ರೋಲಿನಲ್ಲಿ ಏನಿದೆ ಅಂತ ಗೊತ್ತಿರಬೇಕು.

2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲನ್ನು, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು, ಬಿಡುಗಡೆ ಮಾಡಿದರು. ಅದು ನಡೆದದ್ದು ಶಿವಗಂಗೆಗೆ ಹೋಗುವ ದಾರಿಯಲ್ಲೇ ಇರುವ, ತುಮಕೂರು ರಸ್ತೆ ಮಾದಾವರದ ಬಿಐಇಸಿ ಅಂಗಳದಲ್ಲಿ, ಇಂಡಿಯಾ ಎನರ್ಜಿ ವೀಕ್ ಕಾರ್ಯಕ್ರಮದಲ್ಲಿ. ಮೊದಲು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಶುರುವಾದದ್ದು ಆಮೇಲೆ ಎಲ್ಲ ಕಡೆಗೂ ಬಂತು.

ದಿನಾ ಓಡುವ ಬೈಕ್‌ಗೆ ಇದರಿಂದ ತೊಂದರೆ ಕಡಿಮೆ. ವಾರಕ್ಕೊಮ್ಮೆ ಹೊಸ ಪೆಟ್ರೋಲ್ ಬೀಳುತ್ತಿರುತ್ತಲ್ಲ. ನಿಂತ ಬೈಕಿನ ಕಥೆ ಬೇರೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತೆ. ಸ್ವಲ್ಪ ನೀರಾದರೆ ಬೆರೆತೇ ಇರುತ್ತೆ. ನೀರು ಜಾಸ್ತಿಯಾದ ಕೂಡಲೇ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಪಂಪ್ ಎಳೆದುಕೊಳ್ಳೋದು ತಳದಿಂದಲೇ. ಇನ್ನೊಂದು ಕಡೆ, ಪೆಟ್ರೋಲಿನಲ್ಲಿ ಬೇಗ ಆರುವ ಅಂಶಗಳು ತಿಂಗಳುಗಳಲ್ಲಿ ಹಾರಿಹೋಗಿ, ಉಳಿದದ್ದು ಅಂಟಿನ ಹಾಗೆ ಕಾರ್ಬ್ಯುರೇಟರ್ ಜೆಟ್, ಇಂಜೆಕ್ಟರ್‌ಗಳ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳುತ್ತೆ.

ಹಾಗಾಗಿ ಕಬ್ಬಿಣದ ಟ್ಯಾಂಕಿನ ಬೈಕ್‌ಗೆ ಅರ್ಧ ಟ್ಯಾಂಕ್ ಅತಿ ಕೆಟ್ಟದ್ದು. ಒಳಗೆ ಗಾಳಿ ಜಾಸ್ತಿ, ತೇವ ಜಾಸ್ತಿ, ಮೇಲ್ಭಾಗದ ಗೋಡೆಗೆ ತುಕ್ಕು.

ಆರು ತಿಂಗಳವರೆಗಾದರೆ ಹೀಗೆ ಮಾಡಿ. ಊರಿಗೆ ಹೋಗುವ ದಾರಿಯಲ್ಲಿ ದಾಬಸ್‌ಪೇಟೆ ಬಂಕಿನಲ್ಲಿ ತುಂಬಿಸಿ. ಕತ್ತಿನವರೆಗೆ ಬೇಡ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತೆ. ಒಂದೆರಡು ಬೆರಳಿನಷ್ಟು ಜಾಗ ಬಿಡಿ. ತುಂಬಿಸುವ ಮುಂಚೆಯೇ ಫ್ಯುಯೆಲ್ ಸ್ಟೆಬಿಲೈಸರ್ ಅನ್ನೋ ದ್ರವವನ್ನು ಡಬ್ಬಿ ಮೇಲಿನ ಅಳತೆಯಂತೆ ಹಾಕಿದರೆ ಚೆನ್ನಾಗಿ ಬೆರೆಯುತ್ತೆ. ಆನ್‌ಲೈನ್‌ನಲ್ಲಿ ಸಿಗುತ್ತೆ. ಅಲ್ಲಿಂದ ಮನೆವರೆಗಿನ ರೈಡ್‌ನಲ್ಲಿ ಅದು ಇಂಜೆಕ್ಟರ್‌ವರೆಗೂ ತಲುಪಿರುತ್ತೆ. ಸ್ಟೆಬಿಲೈಸರ್ ಪೆಟ್ರೋಲ್ ಅಂಟಾಗೋದನ್ನು ತಡವಾಗಿಸುತ್ತೆ ಅಷ್ಟೇ. ಒಳಬಂದ ನೀರನ್ನು ಮಾಯ ಮಾಡೋದಿಲ್ಲ. ಟ್ಯಾಂಕ್ ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿ.

ಹಳೇ ಕಾರ್ಬ್ಯುರೇಟರ್ ಬೈಕ್ ಆದರೆ ಇನ್ನೊಂದು ಹೆಜ್ಜೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಕಾರ್ಬ್ಯುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನೂ ಇಳಿಸಿ.

ಒಂದು ವರ್ಷ ಮೀರುವುದಾದರೆ ಮೆಕ್ಯಾನಿಕ್ ಹತ್ತಿರ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಒಣಗಿಸಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಅಲ್ಲಾಡಿಸಿ ಗೋಡೆಗೆಲ್ಲ ಹಿಡಿಸೋದು ಒಳ್ಳೇದು. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕ್‌ಗಳಲ್ಲಿ ಬಹುತೇಕ ಎಲ್ಲವೂ ಇಂಜೆಕ್ಷನ್ ಬೈಕ್‌ಗಳು; ಹೆಚ್ಚಿನವುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತೆ. ಅವನ್ನು ನೀವೇ ಬಿಚ್ಚೋಕೆ ಹೋಗಬೇಡಿ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ದೀರ್ಘಕಾಲ ನಿಲ್ಲಿಸುವ ಬಗ್ಗೆ ಒಂದು ಪುಟ ಸಾಮಾನ್ಯವಾಗಿ ಇದ್ದೇ ಇರುತ್ತೆ. ಅದರಲ್ಲಿ ನಿಮ್ಮ ಬೈಕ್‌ಗೆ ಬೇರೆ ಮಾತು ಹೇಳಿದ್ದರೆ ಅದನ್ನೇ ಕೇಳಿ.

ಆಯಿಲ್: ವಾಪಸ್ ಬಂದಮೇಲಲ್ಲ, ಹೋಗುವ ಮುಂಚೆ

"ಹೇಗಿದ್ರೂ ನಿಂತಿರುತ್ತೆ, ಬಂದಮೇಲೆ ಆಯಿಲ್ ಬದಲಾಯಿಸಿದರಾಯ್ತು" ಅನ್ನೋದು ಸಹಜ. ಆದರೆ ಓಡಿದ ಆಯಿಲ್‌ನಲ್ಲಿ ಹೊಗೆಯಿಂದ ಬಂದ ಆಮ್ಲದ ಅಂಶ, ನೀರು, ಮಸಿ ಎಲ್ಲ ಸೇರಿರುತ್ತೆ. ಬೇರಿಂಗ್‌ಗಳು ಆರು ತಿಂಗಳು ಅದರಲ್ಲೇ ಮುಳುಗಿರಬೇಕಾಗುತ್ತೆ. ಆದ್ದರಿಂದ ಹೊರಡುವ ಮುಂಚೆಯೇ ಆಯಿಲ್, ಆಯಿಲ್ ಫಿಲ್ಟರ್ ಬದಲಾಯಿಸಿ, ಊರಿನವರೆಗೆ ಓಡಿಸಿಕೊಂಡು ಬನ್ನಿ. ಹೊಸ ಆಯಿಲ್ ಎಲ್ಲ ಕಡೆ ಹರಡಿರುತ್ತೆ. ಹಳೇ ಆಯಿಲ್ ನೆಲಕ್ಕೆ ಚೆಲ್ಲಬೇಡಿ, ಮೆಕ್ಯಾನಿಕ್‌ಗೇ ಬಿಟ್ಟುಬನ್ನಿ.

ಆರು ತಿಂಗಳು ದಾಟುವವರಿಗೆ ಇನ್ನೊಂದು ಕೆಲಸ. ನಿಲ್ಲಿಸಿದ ಮೇಲೆ, ಇಂಜಿನ್ ತಣ್ಣಗಾದಾಗ, ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಒಂದು ಚಹಾ ಚಮಚದಷ್ಟು, ಅಂದರೆ ಸುಮಾರು 5 ಎಂ.ಎಲ್. ಶುದ್ಧ ಇಂಜಿನ್ ಆಯಿಲ್ ಒಳಗೆ ಬಿಡಿ. ಇಗ್ನಿಷನ್ ಆಫ್ ಇರಲಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನ ಏಳೆಂಟು ಸುತ್ತು ತಿರುಗಿಸಿ. ಪಿಸ್ಟನ್ ಮೇಲೆ ಕೆಳಗೆ ಆಡಿ ಆಯಿಲ್ ಗೋಡೆಗೆಲ್ಲ ಹಿಡಿಯುತ್ತೆ. ಪ್ಲಗ್ ವಾಪಸ್ ಹಾಕಿ. ಅಷ್ಟೇ. ಕೈ ನಡುಗುತ್ತೆ ಅನ್ನುವವರು ಮೆಕ್ಯಾನಿಕ್ ಕೈಲಿ ಹತ್ತು ನಿಮಿಷದಲ್ಲಿ ಮಾಡಿಸಿಕೊಳ್ಳಬಹುದು.

ಈ ಒಂದು ಚಮಚಕ್ಕೆ ಇಷ್ಟು ಬೆಲೆ ಯಾಕೆ ಅಂತ ತಿಳಿಯೋಕೆ ನಮ್ಮ ಮೈಸೂರಿನ ಬೈಕ್ ನೆನಪು ಮಾಡಿಕೊಳ್ಳಿ. 1961ರಲ್ಲಿ ಬೈಕ್ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ಇವತ್ತಿಗೂ ಎಷ್ಟೋ ಮನೆಗಳ ಮೂಲೆಯಿಂದ ಎದ್ದು ಬಂದು ರಸ್ತೆಗಿಳಿಯುತ್ತವೆ. ಅವು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತಿದ್ದರಿಂದ ನಿಲ್ಲಿಸಿದಾಗಲೂ ಸಿಲಿಂಡರ್ ಒಳಗೆ ಆಯಿಲ್ ಪದರ ಉಳಿಯುತ್ತಿತ್ತು. ಇಂಜೆಕ್ಟರ್, ಇಸಿಯು, ಪೆಟ್ರೋಲ್ ಪಂಪ್ ಯಾವುದೂ ಇರಲಿಲ್ಲ. ಕೆಡೋಕೆ ಇದ್ದದ್ದೇ ಕಡಿಮೆ. ಈಗಿನ ಫೋರ್ ಸ್ಟ್ರೋಕ್ ಬೈಕ್‌ನಲ್ಲಿ ಆಯಿಲ್ ಕೆಳಗಿಳಿದು ಸಿಲಿಂಡರ್ ಗೋಡೆ ಒಣಗುತ್ತೆ. ಹಾಗಾಗಿ "ನಮ್ಮಪ್ಪನ ಯೆಜ್ಡಿ ಮೂರು ವರ್ಷ ನಿಂತಿದ್ರೂ ಎರಡೇ ಕಿಕ್‌ಗೆ ಸ್ಟಾರ್ಟ್ ಆಯ್ತು" ಅನ್ನುವ ಮಾತನ್ನು ನಿಮ್ಮ ಬೈಕ್‌ಗೆ ಅನ್ವಯಿಸಬೇಡಿ.

ಬ್ಯಾಟರಿ: ಬಿಚ್ಚಿ ಒಳಗಿಡಿ

ಕೀ ತೆಗೆದ ಮೇಲೂ ಗಡಿಯಾರ, ಇಸಿಯು, ಅಲಾರಂ, ಜಿಪಿಎಸ್ ಟ್ರ್ಯಾಕರ್ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. ಏನೂ ಇಲ್ಲದಿದ್ದರೂ ಬ್ಯಾಟರಿ ತಾನಾಗಿಯೇ ಇಳಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಬೇಗ. ಇಳಿದ ಸ್ಥಿತಿಯಲ್ಲಿ ಹಾಗೇ ಬಿಟ್ಟ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯೋದಿಲ್ಲ.

ಬಿಚ್ಚುವಾಗ ಮೊದಲು ನೆಗೆಟಿವ್, ಅಂದರೆ ಕಪ್ಪು ವೈರು, ಆಮೇಲೆ ಪಾಸಿಟಿವ್. ವಾಪಸ್ ಹಾಕುವಾಗ ಉಲ್ಟಾ. ಮನೆಯೊಳಗೆ ತಂಪಾದ, ಒಣಗಿದ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6ರಿಂದ 12.8 ವೋಲ್ಟ್ ತೋರಿಸುತ್ತೆ. 12.4ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಬೇಕು. ತುಂಬಿದ ಕೂಡಲೇ ತಾನೇ ನಿಲ್ಲಿಸುವ ಬೈಕ್ ಬ್ಯಾಟರಿ ಚಾರ್ಜರ್ ಒಂದು ಕೊಂಡು ಮನೆಯಲ್ಲಿಡಿ. ಅಪ್ಪ ತಿಂಗಳಿಗೊಮ್ಮೆ ಹಾಕಿದರಾಯ್ತು. ಟ್ರ್ಯಾಕ್ಟರ್ ಬ್ಯಾಟರಿಯ ಚಾರ್ಜರ್ ಮಾತ್ರ ಹಾಕಿಸಬೇಡಿ. ಬೈಕ್ ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್ ಸಾಕು. 5 ಎಎಚ್ ಬ್ಯಾಟರಿಗೆ ಅರ್ಧ ಆಂಪಿಯರ್. ಲಿಥಿಯಂ ಬ್ಯಾಟರಿ ಆಗಿದ್ದರೆ ಅದಕ್ಕೆಂದೇ ಇರುವ ಚಾರ್ಜರ್ ಬೇಕು.

ಉಳಿದದ್ದು ಬೇಗ ಬೇಗ

ತೊಳೆಯೋದು: ಕೆಸರು, ಹಕ್ಕಿ ಹಿಕ್ಕೆ, ಆಯುಧಪೂಜೆಯ ಅರಿಶಿನ ಕುಂಕುಮ, ಚಕ್ರಕ್ಕೆ ಸಿಡಿದ ನಿಂಬೆರಸ ಏನೂ ಉಳಿಯಬಾರದು. ತೊಳೆದಮೇಲೆ ಓಡಿಸಿ ಒಣಗಿಸಿ, ಒದ್ದೆ ಬೈಕ್ ಮುಚ್ಚಿಡಬೇಡಿ.

ಚೈನ್: ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಚೈನ್ ಲೂಬ್ ಅಥವಾ 90 ನಂಬರ್ ಗೇರ್ ಆಯಿಲ್ ಹಚ್ಚಿ.

ಟೈರ್: ಕಂಪನಿ ಹೇಳಿದ ಗರಿಷ್ಠ ಮಟ್ಟಕ್ಕೆ ಗಾಳಿ ಹಾಕಿಸಿ. ಒಂದೇ ಜಾಗದಲ್ಲಿ ಭಾರ ಬಿದ್ದರೆ ಟೈರ್ ಅಲ್ಲಿ ಚಪ್ಪಟೆಯಾಗುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ. ಅದಿಲ್ಲದ ಬೈಕ್‌ಗೆ ಪ್ಯಾಡಕ್ ಸ್ಟ್ಯಾಂಡ್, ಅದೂ ಇಲ್ಲದಿದ್ದರೆ ಟೈರ್ ಮತ್ತು ಸೈಡ್ ಸ್ಟ್ಯಾಂಡ್ ಕೆಳಗೆ ಮರದ ಹಲಗೆ.

ಬ್ರೇಕ್: ಡಿಸ್ಕ್ ಮೇಲೆ ಆಯಿಲ್, ಪಾಲಿಶ್, ಸ್ಪ್ರೇ ಯಾವುದೂ ಬೀಳಬಾರದು. ಹೊಳಪಿಗೆ ಆಸೆಪಟ್ಟು ಬ್ರೇಕ್ ಕಳೆದುಕೊಳ್ಳಬೇಡಿ.

ಕೂಲಂಟ್: ಇರುವ ಬೈಕ್ ಆದರೆ ಮಟ್ಟ ನೋಡಿ. ಬರೀ ನಲ್ಲಿ ನೀರು ಹಾಕಬೇಡಿ.

ಸೈಲೆನ್ಸರ್: ಪೂರ್ತಿ ತಣ್ಣಗಾದ ಮೇಲೆ ಬಾಯಿಗೆ ಬಟ್ಟೆ ತುರುಕಿ ಕವರ್ ಕಟ್ಟಿ. ಇಲ್ಲದಿದ್ದರೆ ಇಲಿ ಹೊಗುತ್ತೆ, ಇಲ್ಲವೇ ಕಣಜ ಮಣ್ಣಿನ ಗೂಡು ಕಟ್ಟುತ್ತೆ. ಬಟ್ಟೆ ಕೆಂಪಗಿರಲಿ, ತುದಿ ಹೊರಗೆ ನೇತಾಡಲಿ. ವಾಪಸ್ ಬಂದಾಗ ತೆಗೆಯೋದು ಮರೆಯಬಾರದಲ್ಲ.

ಹೊದಿಕೆ: ಪ್ಲಾಸ್ಟಿಕ್ ಟಾರ್ಪಾಲು ಬೇಡ. ಒಳಗೆ ಬೆವರಿದ ಹಾಗೆ ತೇವ ಕಟ್ಟುತ್ತೆ, ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ನಮ್ಮ ಮಳೆ ತಿಂಗಳುಗಳಲ್ಲಿ. ಚಾವಣಿ ಕೆಳಗಿದ್ದರೆ ಹಳೇ ಕಾಟನ್ ಬೆಡ್‌ಶೀಟ್, ಅಮ್ಮನ ಹಳೇ ನೂಲಿನ ಸೀರೆ ಎಲ್ಲಕ್ಕಿಂತ ಒಳ್ಳೇದು.

ಅಪ್ಪನಿಗೆ ಅಮಾವಾಸ್ಯೆ ಡ್ಯೂಟಿ

ಫೋನ್‌ನಲ್ಲಿ ರಿಮೈಂಡರ್ ಇಡೋದು ನಮ್ಮ ಅಭ್ಯಾಸ. ಮನೆಯ ಹಿರಿಯರಿಗೆ ಅದಕ್ಕಿಂತ ಒಳ್ಳೆ ರಿಮೈಂಡರ್ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲೇ ಇದೆ. ಅಮಾವಾಸ್ಯೆಗೆ ಗಾಡಿಗೆ ನಿಂಬೆಹಣ್ಣು ಕಟ್ಟೋದನ್ನು ಯಾವ ಮನೆಯೂ ಮರೆಯೋದಿಲ್ಲ. ಬೈಕ್ ನೋಡಿಕೊಳ್ಳುವ ದಿನವೂ ಅದೇ ಆಗಲಿ. ಒಂದು ಚೀಟಿ ಬರೆದು ಬೈಕ್ ಹತ್ತಿರ ಗೋಡೆಗೆ ಅಂಟಿಸಿಹೋಗಿ:

ಅಪ್ಪಾ,
1. ಸ್ಟಾರ್ಟ್ ಮಾಡೋದು ಬೇಡ. ಬ್ಯಾಟರಿ ಬಿಚ್ಚಿಟ್ಟಿದೀನಿ.
2. ಅಮಾವಾಸ್ಯೆಗೊಮ್ಮೆ ಬಟ್ಟೆ ತೆಗೆದು ಗಾಳಿ ಆಡಿಸು.
3. ಕೆಳಗೆ ಆಯಿಲ್ ಕಲೆ, ಪೆಟ್ರೋಲ್ ವಾಸನೆ, ಇಲಿ ಹಿಕ್ಕೆ ಇದೆಯಾ ನೋಡು. ಇದ್ರೆ ಫೋಟೋ ಕಳಿಸು.
4. ಬೆಳಗ್ಗೆ ಬ್ಯಾಟರಿ ಚಾರ್ಜಿಗೆ ಹಾಕು, ಸಾಯಂಕಾಲ ತೆಗಿ.
5. ಟೈರ್ ಮೆತ್ತಗಾಗಿದ್ರೆ ಗಾಳಿ ಹೊಡಿ. ಸ್ಟ್ಯಾಂಡ್ ಇಳಿಸಿ ನಾಲ್ಕಡಿ ಮುಂದೆ ಹಿಂದೆ ತಳ್ಳು. ಒಬ್ಬನೇ ಮಾಡಬೇಡ, ಪಕ್ಕದ ಮನೆಯವರನ್ನ ಕರಿ.

ಐದನೆಯದನ್ನು ಹೇಳಲೇಬೇಕು. 350 ಸಿಸಿ ಬೈಕ್ ಅಂದರೆ ಸುಮಾರು 190 ಕೆ.ಜಿ. ಅರವತ್ತು ದಾಟಿದವರು ಒಬ್ಬರೇ ಅದನ್ನು ಸೆಂಟರ್ ಸ್ಟ್ಯಾಂಡ್‌ಗೆ ಏರಿಸಲು ಹೋಗಿ ಸೊಂಟ ಹಿಡಿದುಕೊಂಡರೆ ಬೈಕ್ ಉಳಿಸಿ ಏನು ಪ್ರಯೋಜನ? ಆಗೋದಿಲ್ಲ ಅಂದರೆ ತಳ್ಳೋದೇ ಬೇಡ. ಟೈರ್ ಹೋದರೆ ಹೊಸದು ಸಿಗುತ್ತೆ.

ಕಾಗದಪತ್ರ, ಮತ್ತು ಹೈಸ್ಕೂಲಿನ ತಮ್ಮ

2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯವಾಗಿ ಬರುತ್ತೆ. ಅದನ್ನು ನೋಡಿ "ಐದು ವರ್ಷ ಚಿಂತೆಯಿಲ್ಲ" ಅಂದುಕೊಂಡವರು ಬಹಳ. ಕಳ್ಳತನ, ಬೆಂಕಿ, ಮರ ಬಿದ್ದದ್ದು ಇವಕ್ಕೆಲ್ಲ ಬೇಕಾಗೋದು ಓನ್ ಡ್ಯಾಮೇಜ್ ಪಾಲಿಸಿ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು. ನಿಂತ ಬೈಕ್‌ಗೆ ಇರುವ ಅಪಾಯಗಳೂ ಇವೇ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಇಷ್ಟು ವರ್ಷ ಸೇರಿಸಿಕೊಂಡ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತೆ. ಹೊರಡುವ ಮುಂಚೆ ದಿನಾಂಕ ನೋಡಿ.

ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಬಿಎಸ್4, ಬಿಎಸ್6 ಬೈಕ್‌ಗಳ ಎಮಿಷನ್ ಸರ್ಟಿಫಿಕೇಟ್ ಒಂದು ವರ್ಷಕ್ಕೆ. ಆರ್‌ಸಿ, ಇನ್ಶೂರೆನ್ಸ್ ಎರಡಕ್ಕೂ ಒಟಿಪಿ ಬರೋದು ನಿಮ್ಮ ಭಾರತದ ನಂಬರ್‌ಗೆ. ಆ ಸಿಮ್ ಬಂದ್ ಆಗದಂತೆ ನೋಡಿಕೊಳ್ಳಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಕೀ. ಊರಲ್ಲಿ ನಿಂತ ಬೈಕ್ ಅಂದರೆ ಹೈಸ್ಕೂಲು, ಪಿಯುಸಿ ಓದುವ ತಮ್ಮಂದಿರು, ಚಿಕ್ಕಪ್ಪನ ಮಕ್ಕಳಿಗೆ ಅದರ ಮೇಲೇ ಕಣ್ಣು. "ಅಂಗಡಿವರೆಗೆ ಅಷ್ಟೇ ದೊಡ್ಡಪ್ಪ" ಅಂದರೆ ದೊಡ್ಡಪ್ಪನ ಮನಸ್ಸು ಕರಗುತ್ತೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರದು ಅಥವಾ ಗಾಡಿ ಮಾಲೀಕರದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ನೋಂದಣಿ ರದ್ದು. ಮಾಲೀಕರು ಅಂದರೆ ಎಲ್ಲೋ ದೂರದ ದೇಶದಲ್ಲಿ ಮೀಟಿಂಗ್‌ನಲ್ಲಿ ಕೂತಿರುವ ನೀವೇ. ದಂಡ ಕಟ್ಟಬಹುದು, ಹುಡುಗನಿಗೆ ಏನಾದರೂ ಆದರೆ? ಒಂದು ಕೀ ನಿಮ್ಮ ಜೊತೆ ಇರಲಿ, ಇನ್ನೊಂದು ಅಮ್ಮನ ಬೀರುವಿನಲ್ಲಿ. ಬ್ಯಾಟರಿ ಬಿಚ್ಚಿಟ್ಟಿರೋದು ಇಲ್ಲೂ ಉಪಯೋಗಕ್ಕೆ ಬರುತ್ತೆ.

ವಾಪಸ್ ಬಂದ ದಿನ

ಏರ್‌ಪೋರ್ಟ್‌ನಿಂದ ಬಂದವರೇ ಕೀ ತಿರುಗಿಸಬೇಡಿ. ಮೊದಲು ಸೈಲೆನ್ಸರ್‌ನ ಕೆಂಪು ಬಟ್ಟೆ ತೆಗೆಯಿರಿ. ಸೀಟ್ ಎತ್ತಿ, ಏರ್ ಫಿಲ್ಟರ್ ಬಿಚ್ಚಿ ಇಲಿ ಗೂಡು ಇದೆಯಾ, ವೈರು ಕಡಿದಿದೆಯಾ ನೋಡಿ. ಟ್ಯಾಂಕ್ ಮುಚ್ಚಳ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬದಲು ಹಳೇ ವಾರ್ನಿಷ್ ವಾಸನೆ ಬಂದರೆ, ಅಥವಾ ತಳದಲ್ಲಿ ಬೇರೆ ಪದರ ಕಂಡರೆ, ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ ಖಾಲಿ ಮಾಡಿಸಿ.

ಆಯಿಲ್ ಮಟ್ಟ ನೋಡಿ. ಟೈರಿನ ಪಕ್ಕದಲ್ಲಿ ಬಿರುಕು ಇದೆಯಾ ನೋಡಿ. ಅಲ್ಲೇ ನಾಲ್ಕಂಕಿಯ ತಯಾರಿ ದಿನಾಂಕವೂ ಇರುತ್ತೆ. 2321 ಅಂದರೆ 2021ರ 23ನೇ ವಾರ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವ ದ್ರವ. ಎರಡು ವರ್ಷ ಆಗಿದ್ದರೆ ಬದಲಾಯಿಸಿ.

ಸಿಲಿಂಡರ್‌ಗೆ ಆಯಿಲ್ ಬಿಟ್ಟಿದ್ದರೆ ಮೊದಲ ನಿಮಿಷ ಬಿಳಿ ಹೊಗೆ ಬರುತ್ತೆ, ಹೆದರಬೇಡಿ. ಕ್ಲಚ್ ಪ್ಲೇಟು ಅಂಟಿಕೊಂಡಿರಬಹುದು. ಸ್ಟಾರ್ಟ್ ಮಾಡುವ ಮುಂಚೆ ಗೇರಿಗೆ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ಆಡಿಸಿ ಬಿಡಿಸಿಕೊಳ್ಳಿ. ನಡೆಯುವ ವೇಗದಲ್ಲಿ ಹೋಗುತ್ತಾ ಎರಡೂ ಬ್ರೇಕ್ ಒತ್ತಿ ನೋಡಿ. ಎಬಿಎಸ್ ದೀಪ ಆರಿತಾ ಗಮನಿಸಿ. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿದ್ದರೆ ಮಾತ್ರ ರಸ್ತೆಗೆ.

ಮೊದಲ ರೈಡ್ ದೂರದ್ದು ಬೇಡ. ದಾಬಸ್‌ಪೇಟೆ ಬಂಕ್‌ವರೆಗೆ ಹೋಗಿ ಹೊಸ ಪೆಟ್ರೋಲ್ ಹಾಕಿಸಿ, ಟೈರಿಗೆ ಗಾಳಿ ಸರಿಮಾಡಿಸಿ, ಇಂಜಿನ್ ಸದ್ದು ಕೇಳುತ್ತಾ ನಿಧಾನ ವಾಪಸ್ ಬನ್ನಿ. ಹಿಂದಿನ ಸೀಟಿನಲ್ಲಿ ಅಪ್ಪನನ್ನೂ ಕೂರಿಸಿಕೊಳ್ಳಿ, ಎರಡು ಹೆಲ್ಮೆಟ್ ಸಮೇತ. ಅಷ್ಟು ಅಮಾವಾಸ್ಯೆ ಡ್ಯೂಟಿ ಮಾಡಿದವರಿಗೆ ದಾಬಸ್‌ಪೇಟೆಯಲ್ಲಿ ಒಂದು ತಟ್ಟೆ ಇಡ್ಲಿ ಕೊಡಿಸೋದು ನಿಮ್ಮ ಲೆಕ್ಕ.